ಇವತ್ತು ಯಾವ ಎಲೆ

ಜ್ವರ ಬಿಟ್ಟ ಮೇಲೆ ಲೋಲಾಕ್ಷಿ ಏನೂ ಹೇಳಲಿಲ್ಲ.
ಒಗ್ಗರಣೆಯ ಬೆಳ್ಳುಳ್ಳಿ ಕರಟಿ
ಹೊಗೆ ಜಗಲಿಗೆ ಬಂದು ನನ್ನ ಕಣ್ಣು ಉರಿಸಿದಾಗಲೂ
ಅವಳು ಒಲೆಯ ಎದುರೇ ನಿಂತು
ಕಿಟಕಿಯಾಚೆ ಬಟ್ಟೆ ಒಣಗಿತೋ ಎಂದು ನೋಡುತ್ತಿದ್ದಳು.
ಆಗ ಗೊತ್ತಾಯಿತು.

"ಎಷ್ಟು ದಿನ ಆಯ್ತು?"
"ಹನ್ನೊಂದು" ಎಂದಳು, ಹಾಲಿನ ಲೆಕ್ಕ ಹೇಳುವ ಹಾಗೆ.
ಹನ್ನೊಂದು ದಿನ ಅಂದಾಜಿನಲ್ಲಿ ಅಡಿಗೆ,
ಉಪ್ಪು ಬೆರಳ ನೆನಪಿನಿಂದ, ಹುಳಿ ಕಣ್ಣ ನೆನಪಿನಿಂದ.
ನಾನು ಹನ್ನೊಂದು ದಿನ ಉಂಡು ಕೈ ತೊಳೆದಿದ್ದೆ,
ಚೆನ್ನಾಗುಂಟು ಅಂತಲೂ ಹೇಳಿರಲಿಲ್ಲ.

ಯೆಯ್ಯಾಡಿಯ ಗ್ಯಾರೇಜಿನಲ್ಲಿ ನನ್ನ ಕೆಲಸ.
ಇಂಜಿನು ಕೆಮ್ಮಿದರೆ ಕಿವಿಯಿಟ್ಟು ಕಾಯಿಲೆ ಹೇಳುವವ,
ಮೂಗಿನ ರಿಪೇರಿ ಬಾರದು.
ಡಾಕ್ಟರು ಮಾತ್ರೆ ಬರೆದು
"ದಿನಾ ವಾಸನೆ ತೋರಿಸ್ತಾ ಇರಿ" ಎಂದರು,
ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಡ್ತಾ ಇರು ಎಂದ ಹಾಗೆ.
ಅದು ಅರ್ಥವಾಯಿತು.

ಬೋಂದೆಲಿನ ಬಾಡಿಗೆ ಮನೆಗೆ ತೋಟ ಅಂತ ಇಲ್ಲ.
ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಹಬ್ಬಿದ ತಿಮರೆ,
ವಾಷಿಂಗ್ ಮೆಷಿನಿನ ಹಳೆ ಡ್ರಮ್ಮಿನಲ್ಲಿ ದೊಡ್ಡಪತ್ರೆ,
ಗೋಡೆಯಾಚೆ ಬೆನೆಡಿಕ್ಟಾ ಬಾಯಮ್ಮನ ಅರಿಶಿನದ ಸಾಲು;
ಎರಡು ಎಲೆ ಕೇಳಿದರೆ ಆರು ಎಲೆ, ಒಂದು ಬೈಗುಳ.
ನನ್ನ ತಿಮರೆ ಬಾಯಮ್ಮನಿಗೆ ಎಕ್‌ಪಾನಿ,
ಶಾಲೆಯಲ್ಲಿ ಟೀಚರು ಬರೆಸಿದ್ದು ಒಂದೆಲಗ,
ಔಷಧಿ ಅಂಗಡಿಯ ಬಾಟಲಿ ಮೇಲೆ ಬ್ರಾಹ್ಮಿ, ನೂರ ಎಂಬತ್ತು ರೂಪಾಯಿ.
ಕಿತ್ತರೆ ಬೇರಿಗೆ ಅದೇ ಬಚ್ಚಲ ಮಣ್ಣು.

ಸಂಜೆ ಸೋಪಿನಲ್ಲಿ ಮೂರು ಸಲ ಕೈ ತೊಳೆದು
ಲಿಂಬೆಸಿಪ್ಪೆ ತಿಕ್ಕಿ, ಉಗುರಿನ ಗ್ರೀಸು ಕೆರೆದು
ಅವಳೆದುರು ಕೂರುತ್ತಿದ್ದೆ.
ಕಣ್ಣು ಮುಚ್ಚು. ಇವತ್ತು ಯಾವ ಎಲೆ?
ದೊಡ್ಡಪತ್ರೆ ಹಿಂಡಿದೆ. "ಒದ್ದೆ ಪೇಪರು."
ಕರಿಬೇವು ಮುರಿದೆ. "ನಿನ್ನೆಯ ಪೇಪರು."
ಅರಿಶಿನದೆಲೆ ಉದ್ದಕ್ಕೆ ಸೀಳಿದೆ,
ಕಡುಬಿನ ಅಟ್ಟದ ಮುಚ್ಚಳ ತೆಗೆದಂತೆ ನನಗೇ ತಲೆ ತಿರುಗಿತು.
"ಗಾಳಿ ಬಂತು" ಎಂದಳು, ಬೇಸರಿಸದೆ.
ಸುಳ್ಳಾದರೂ ಹೇಳಬಹುದಿತ್ತು.
ಹೇಳುವವಳಲ್ಲ.

ಹಿಂಡಿದ ಎಲೆ ಬಿಸಾಡುವುದುಂಟೇ,
ಅಡಿಗೆ ನನ್ನ ಪಾಲಿಗೆ ಬಂತು. ಸ್ಟೂಲಿನ ಮೇಲೆ ಅವಳು:
"ತುಪ್ಪದಲ್ಲಿ ಬಾಡಿಸಿ, ಹುರಿಯಬೇಡಿ."
ಬಾಡುವುದು ಅಂದರೆ?
"ಏಪ್ರಿಲಿನಲ್ಲಿ ನೀವು ಬಸ್ಸಿಳಿದ ಹಾಗೆ."
ಜೀರಿಗೆ ಎಷ್ಟು? "ಅಷ್ಟು."
ಅವಳ ಮೂರು ಬೆರಳಿನ ಅಷ್ಟು
ನನ್ನ ಎರಡು ಬೆರಳಿನದೆಂದು ತಿಳಿಯುವಾಗ
ಒಂದು ವಾರದ ತಂಬುಳಿ ಕಹಿಯಾಗಿ ಹೋಗಿತ್ತು.
"ತಿಮರೆಗೆ ಬೆಂಕಿ ತೋರಿಸಬೇಡಿ.
ಬೇರು ಸಮೇತ ತೊಳೆದು, ನಾಲ್ಕು ಗಾಂಧಾರಿ ಮೆಣಸು,
ಕಾಯಿ, ಹುಣಸೆ. ಕಲ್ಲಿನಲ್ಲೇ ಅರೆಯಿರಿ,
ಮಿಕ್ಸಿ ಬಿಸಿಯಾದರೆ ಅದಕ್ಕೆ ಕೋಪ ಬರ್ತದೆ."

ಒಂದು ಗುರುವಾರ ತಡವಾಯಿತು.
ಕಾರ್ಬುರೇಟರ್ ಬಿಚ್ಚಿದ ಕೈ, ಟಾಂಕಿಯಲ್ಲಿ ನೀರಿಲ್ಲ.
ಪ್ಯಾಂಟಿಗೆ ಒರೆಸಿ ಹಾಗೇ ಕೂತು
ಒಂದು ಹಿಡಿ ತಿಮರೆ ತಿಕ್ಕಿ ಮೂಗಿಗೆ ಹಿಡಿದೆ.
ಲೋಲಾಕ್ಷಿ ಮುಖ ಹಿಂದೆ ಎಳೆದಳು.
"ಥೂ!"
ಎಂತ?
"ಪೆಟ್ರೋಲು."

ಮದುವೆಯಾದ ವರ್ಷ ಇದೇ ವಾಸನೆಗೆ
ಚಾಪೆ ಗೋಡೆಯ ಕಡೆ ಸರಿಸಿದವಳು,
ಹದಿನಾಲ್ಕು ವರ್ಷ ನನ್ನಿಂದ ಕೈ ತೊಳೆಸಿದವಳು,
ಈಗ ಅದೇ ಕೈಯನ್ನು ಎಳೆದುಕೊಂಡು
ಅಂಗೈ, ಬೆರಳ ಸಂದು, ಮಣಿಕಟ್ಟು
ಒಂದೊಂದೇ ಮೂಸುತ್ತ ಹೋದಳು,
ಬೂತಾಯಿ ಇವತ್ತಿನದ್ದೋ ನಿನ್ನೆಯದ್ದೋ ಎಂದು
ಮಾರ್ಕೆಟಿನಲ್ಲಿ ಪರೀಕ್ಷಿಸುವ ಹಾಗೆ.
"ಅದರ ಅಡಿಯಲ್ಲಿ ಬೇರೆ ಏನೋ ಉಂಟು. ಸಣ್ಣದು.
ಮಳೆ ನಿಂತ ಮೇಲಿನ..." ಎಂದು ತಡೆದಳು.
"ಇಲ್ಲ. ಹೋಯ್ತು."

ಮತ್ತೆ,
"ನಾಳೆಯೂ ತೊಳೆಯದೆ ಬನ್ನಿ."

ಚಟ್ನಿ ಅರೆದೆ. ಕೊಡ ತಂದು ಕೈ ತೊಳೆದೇ ಅರೆದೆ,
ಅಷ್ಟು ಬುದ್ಧಿ ಉಂಟು.
ಗಂಜಿಗೆ ನಂಜಿಕೊಂಡು ಅವಳು
"ಉಪ್ಪು ಹೆಚ್ಚಾಯ್ತು" ಎಂದಳು,
ಮತ್ತೊಮ್ಮೆ ಹಾಕಿಸಿಕೊಂಡಳು.